ಗುರುವಾರ ಮಧ್ಯಾಹ್ನದ ಗೂಢಚಾರ

ಮೈನಸ್ ಇಪ್ಪತ್ತೆಂಟು ಡಿಗ್ರಿ!

ಮೀನು ಕಾರ್ಖಾನೆಯ ಕೋಲ್ಡ್ ಸ್ಟೋರೇಜಿನ ಬಾಗಿಲು ನನ್ನ ಬೆನ್ನ ಹಿಂದೆ ಧಡಾರನೆ ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು. ಆಮೇಲೆ ದೀಪವೂ ಹೋಯಿತು.

ಕತ್ತಲು... ಕೊರೆಯುವ ಥಂಡಿ... ಸುತ್ತಲೂ ನಲವತ್ತು ಟನ್ ಕಾಡ್ ಮೀನು.

ಅಂಥ ಜಾಗದಲ್ಲಿ ಮನುಷ್ಯ ಇಪ್ಪತ್ತು ನಿಮಿಷ ನೆಟ್ಟಗೆ ಯೋಚಿಸಬಲ್ಲ. ಆಮೇಲೆ ಹಾಯಾಗಿ ನಿದ್ದೆ ಬರುತ್ತದೆ. ಆ ನಿದ್ದೆಯಿಂದ ಎದ್ದವರನ್ನು ನಾನು ನೋಡಿಲ್ಲ.

ಬಾಗಿಲು ಹಾಕಿದವನು ಯಾರೆಂದು ನನಗೆ ಗೊತ್ತಿತ್ತು. ಎಲ್ಲೆರ್ಟ್. ಕಾಲ್ಡಫ್ಯೋರ್ಡ್ ಬಂದರಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಮೀನುಗಾರಿಕೆ ಹಡಗುಗಳಿಗೆ, ಅಂದರೆ ಟ್ರಾಲರ್‌ಗಳಿಗೆ ನೀರು, ಎಣ್ಣೆ, ಆಲೂಗಡ್ಡೆ ಒದಗಿಸಿದ ದಲ್ಲಾಳಿ. ಮನೆಯ ಅಟ್ಟದಲ್ಲಿ ವೈರ್‌ಲೆಸ್ ಯಂತ್ರ ಇಟ್ಟುಕೊಂಡವನು. ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಗೂಢಚಾರ ಅವನೇ ಎಂದು ಆ ಬೆಳಿಗ್ಗೆ ನನಗೆ ನೂರಕ್ಕೆ ನೂರು ಖಾತ್ರಿಯಾಗಿತ್ತು.

ಕೈಗೆ ಸಿಕ್ಕಿದ ಒಂದು ಮೀನನ್ನು ಬಾಲ ಹಿಡಿದು ಎತ್ತಿದೆ. ಹತ್ತು ಕಿಲೋ ತೂಕ, ಕಲ್ಲಿನಷ್ಟು ಗಟ್ಟಿ. ಬಾಗಿಲಿನ ಹಿಡಿಯ ಮೇಲೆ ಬೀಸಿ ಬೀಸಿ ಹೊಡೆದೆ. ಏಳನೇ ಏಟಿಗೆ ಹಿಡಿ ಮುರಿಯಿತು. ಎಂಟನೆಯದಕ್ಕೆ ಚಿಲಕ ಹಾರಿತು.

ನಮ್ಮ ದೇಶದ ಬಳಿ ಇರುವ ಆಯುಧ ಅದೊಂದೇ. ಮೀನು.

ಇಷ್ಟಕ್ಕೆಲ್ಲ ಕಾರಣವೂ ಅದೇ. ನಿಮಗೆ ಒಂದು ಸಲ ಹೇಳಿಬಿಡುತ್ತೇನೆ, ಮತ್ತೆ ಮತ್ತೆ ಕೇಳಬೇಡಿ. ಐಸ್‌ಲ್ಯಾಂಡಿನಲ್ಲಿ ನಾವು ಇರುವುದು ಎರಡು ಲಕ್ಷ ಚಿಲ್ಲರೆ ಜನ. ಸೈನ್ಯವಿಲ್ಲ. ಸುತ್ತಲಿನ ಇನ್ನೂರು ಮೈಲಿ ಕಡಲು ನಮ್ಮದು, ಇಲ್ಲಿ ಬೇರೆಯವರು ಬಲೆ ಹಾಕುವಂತಿಲ್ಲ ಎಂದೆವು. ಇಂಗ್ಲಿಷರು ನಕ್ಕು ಟ್ರಾಲರ್ ಕಳಿಸಿದರು, ಟ್ರಾಲರ್‌ಗಳ ಕಾವಲಿಗೆ ಯುದ್ಧನೌಕೆ ಕಳಿಸಿದರು. ನಮ್ಮ ಬಳಿ ಇದ್ದದ್ದು ಬೆರಳೆಣಿಕೆಯ ಕಾವಲು ಹಡಗುಗಳು. ಅವುಗಳ ಹಿಂದೆ ಕಬ್ಬಿಣದ ಒಂದು ಕತ್ತರಿ. ಟ್ರಾಲರ್‌ನ ಹಿಂದೆ ಅಡ್ಡ ಹಾಯ್ದು, ಬಲೆ ಎಳೆಯುವ ಉಕ್ಕಿನ ಹಗ್ಗ ತುಂಡರಿಸುವುದು. ಬಲೆ ಕಡಲ ತಳಕ್ಕೆ, ಇಂಗ್ಲಿಷ್ ಕ್ಯಾಪ್ಟನ್ನಿನ ಬೈಗುಳ ಆಕಾಶಕ್ಕೆ.

1975-76ರ ಚಳಿಗಾಲದಲ್ಲಿ ಒಂದು ವಿಚಿತ್ರ ನಡೆಯತೊಡಗಿತು. ನಮ್ಮ 'ವೀಡಾರ್' ಹಡಗು ಎಲ್ಲಿ ಹೋದರೂ ಅಲ್ಲಿ ಒಂದು ಇಂಗ್ಲಿಷ್ ಯುದ್ಧನೌಕೆ, ಒಂದು ಫ್ರಿಗೇಟು, ಮೊದಲೇ ಕಾದು ನಿಂತಿರುತ್ತಿತ್ತು. ಹಾಯ್ದು ಬಂದು ಪಕ್ಕಕ್ಕೆ ಗುದ್ದುತ್ತಿತ್ತು. ಎರಡು ಸಲ ಗುದ್ದಿತ್ತು. ವೀಡಾರ್‌ನ ಹೊಟ್ಟೆಗೆ ಎರಡು ಕಡೆ ತೇಪೆ ಬೆಸೆದಿದ್ದರು. ಮೂರನೆಯದನ್ನು ಅದು ತಾಳುವುದಿಲ್ಲ ಎಂದು ಬೆಸುಗೆ ಹಾಕಿದವನೇ ನನಗೆ ಹೇಳಿದ್ದ.

ಫೆಬ್ರವರಿಯ ನೀರಿಗೆ ಬಿದ್ದವನು ಎಷ್ಟು ಹೊತ್ತು ಬದುಕುತ್ತಾನೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ವೀಡಾರ್‌ನ ಕ್ಯಾಪ್ಟನ್ ಕೇಟಿಲ್. ನನ್ನ ತಮ್ಮ.

ನನ್ನ ಹೆಸರು ಗ್ರೀಮುರ್. ಮೊದಲು ಪೋಲೀಸಿನಲ್ಲಿದ್ದೆ, ಆಮೇಲೆ ಸರ್ಕಾರ ಬಹಿರಂಗವಾಗಿ ಮಾಡಲಾಗದ ಕೆಲಸಗಳನ್ನು ಮಾಡಿಕೊಡುವವನಾದೆ. ಗುಟ್ಟು ಬಿಟ್ಟುಕೊಡುತ್ತಿರುವವನನ್ನು ಹುಡುಕು ಎಂದು ರಾಜಧಾನಿ ರೇಕ್ಯಾವಿಕ್‌ನಿಂದ ಕಳಿಸಿದ್ದರು. ಮೂರು ತಿಂಗಳು ಬಂದರು ಬಂದರು ಸುತ್ತಿದೆ. ಇಬ್ಬರ ಹಲ್ಲು ಉದುರಿಸಿದೆ. ಒಂದು ನನ್ನದೂ ಉದುರಿತು. ಸಿಕ್ಕಿದ್ದು ಸೊನ್ನೆ. ಕೊನೆಗೆ ನಾನು ಹುಟ್ಟಿದ ಊರಾದ ಕಾಲ್ಡಫ್ಯೋರ್ಡಿಗೇ ಬಂದು ಎಲ್ಲೆರ್ಟ್‌ನ ಕುತ್ತಿಗೆಗೆ ಕೈ ಹಾಕಿದ್ದೆ. ಅವನು ನನ್ನನ್ನು ಮೀನಿನ ಜತೆ ಪೇರಿಸಿಟ್ಟು ಓಡಿದ್ದ.

ಹೊರಗೆ ಬಂದಾಗ ಅವನ ಜೀಪು ಬೆಟ್ಟದ ರಸ್ತೆ ಹತ್ತುತ್ತಿತ್ತು.

ಅಮ್ಮನ ಕಾರು ತಂದಿದ್ದೆ. ಮೀನು ಕೊಟ್ಟು ರಷ್ಯಾದಿಂದ ತರಿಸಿದ ಕಾಲದ್ದು, ವಯಸ್ಸಿನಲ್ಲಿ ಕೇಟಿಲ್‌ನ ದೊಡ್ಡ ಮಗಳಿಗಿಂತ ಹಿರಿಯದು. ಕೈ ಸೆಟೆದು ಸ್ಟಿಯರಿಂಗ್ ಹಿಡಿಯಲಾಗದೆ ಮೊಣಕೈಯಿಂದ ತಿರುಗಿಸಿದೆ. ಮೊದಲ ತಿರುವು... ಎರಡನೇ ತಿರುವು... ಎಡಕ್ಕೆ ಮುನ್ನೂರು ಅಡಿ ಆಳ, ಬಲಕ್ಕೆ ಹಿಮದ ಗೋಡೆ. ಅಮ್ಮನ ಕಾರಿಗೆ ಬ್ರೇಕು ಬಹಳ ಇಷ್ಟವಿರಲಿಲ್ಲ.

ಐದನೇ ತಿರುವಿನಲ್ಲಿ ಎಲ್ಲೆರ್ಟ್‌ನ ಜೀಪು ಜಾರಿ ಹಿಮದೊಳಗೆ ಮೂತಿ ಹುಗಿದುಕೊಂಡು ನಿಂತಿತು.

ಕಾಲರ್ ಹಿಡಿದು ಎಳೆದು, ಮುಖವನ್ನು ಹಿಮಕ್ಕೆ ಒತ್ತಿ, ಬಲಗೈ ಹಿಂದಕ್ಕೆ ತಿರುಚಿದೆ. ಜೀಪಿನ ಬಾಗಿಲು ತೆರೆದೇ ಇತ್ತು. ಒಳಗೆ ರೇಡಿಯೋ ಹಾಡುತ್ತಿತ್ತು.

"ಹೇಳು. ಫ್ರಿಗೇಟಿಗೆ ಯಾವತ್ತು ಸುದ್ದಿ ಕೊಡ್ತೀಯ, ಹೆಂಗೆ ಕೊಡ್ತೀಯ?"

"ಯಾವ ಸುದ್ದಿನೋ ಮಾರಾಯ... ಬಿಯರು! ಬಿಯರಿಗೆ ಬಂದೆ ಅಂದ್ಕೊಂಡೆ ನಾನು!"

ನಮ್ಮ ದೇಶದಲ್ಲಿ ವೋಡ್ಕಾ ಕುಡಿಯಬಹುದು, ಬಿಯರ್ ಕುಡಿಯುವಂತಿಲ್ಲ. ಹಾಗೇಕೆ ಎಂದು ಕೇಳಬೇಡಿ, ನಮಗೂ ಗೊತ್ತಿಲ್ಲ. ಎಲ್ಲೆರ್ಟ್ ಇಂಗ್ಲಿಷ್ ಟ್ರಾಲರ್‌ಗಳಿಂದ ಬಿಯರ್ ಇಳಿಸಿಕೊಂಡು ಊರಿಗೆ ಹಂಚುತ್ತಿದ್ದ. ವೈರ್‌ಲೆಸ್ಸು ಅದಕ್ಕೆ. ಕೋಲ್ಡ್ ಸ್ಟೋರೇಜಿನ ಗೋಡೆಯಾಚೆ ನಲವತ್ತು ಪೆಟ್ಟಿಗೆ ಇತ್ತಂತೆ. ನಾನು ಅದರ ಪಕ್ಕದಲ್ಲೇ ಸಾಯುವವನಿದ್ದೆ. ಯಾರು ಯಾರು ಕೊಳ್ಳುತ್ತಾರೆಂದು ನಾನು ಕೇಳದೆಯೇ ಹೇಳತೊಡಗಿದ. ಶಾಲೆಯ ಹೆಡ್ ಮಾಸ್ಟರು, ಬಂದರಿನ ಕ್ರೇನಿನವನು, ಪಾದ್ರಿ...

ಮೂರು ತಿಂಗಳ ತನಿಖೆ. ಕೊನೆಗೆ ಬಿಯರು.

ಅವನ ಕೈ ಮುರಿದೇ ಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಜೀಪಿನ ರೇಡಿಯೋದಲ್ಲಿ ಹಾಡು ನಿಂತು ಒಬ್ಬ ಹೆಂಗಸಿನ ದನಿ ಬಂತು.

ಗುರುವಾರ ಮಧ್ಯಾಹ್ನ ಒಂದು ಗಂಟೆ. ಕಡಲಿನಲ್ಲಿರುವ ಗಂಡಸರಿಗೆ ಮನೆಯವರು ಕಳಿಸುವ ಕುಶಲ ಸಂದೇಶ ಮತ್ತು ಮೆಚ್ಚಿನ ಹಾಡು. ಆ ಒಂದು ಗಂಟೆ ದೇಶದಲ್ಲಿ ಯಾರೂ ಮಾತಾಡುವುದಿಲ್ಲ. ಮೀನು ಕಾರ್ಖಾನೆಯ ಹೆಂಗಸರೂ ಚಾಕು ಕೆಳಗಿಡುತ್ತಾರೆ.

"ವೀಡಾರ್ ಹಡಗಿನ ಕೇಟಿಲ್‌ಗೆ, ಸಾಲ್ವೋರ್ ಮತ್ತು ಇಬ್ಬರು ಹುಡುಗಿಯರಿಂದ," ಎಂದು ಆಕೆ ಓದಿದಳು. "ಶನಿವಾರ ಬೆಳಕು ಹರಿಯೋ ಹೊತ್ತಿಗೆ ನಾವು ಸ್ವಾರ್ಟ್‌ನೆಸ್ ದೀಪಸ್ತಂಭದ ಹತ್ತಿರ ಇರ್ತೀವಿ. ನೀನು ಹಾದು ಹೋಗುವಾಗ ಲಾಟೀನು ಬೀಸ್ತೀವಿ. ಹಾರ್ನ್ ಹೊಡಿ. ಹೊಸ ಉಣ್ಣೆ ಕಾಲುಚೀಲ ನಿನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ."

ಆಮೇಲೆ ಅಕಾರ್ಡಿಯನ್ ಶುರುವಾಯಿತು.

ಸಾಲ್ವೋರ್ ಅಂದರೆ ಕೇಟಿಲ್‌ನ ಹೆಂಡತಿ. ವೀಡಾರ್ ಶನಿವಾರ ಬೆಳಿಗ್ಗೆ ಎಲ್ಲಿರುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ. ಸರ್ಕಾರದಲ್ಲಿ ನಾಲ್ಕು ಜನಕ್ಕೆ ಗೊತ್ತಿತ್ತು, ಕೇಟಿಲ್ ಹೇಳಿದ್ದರಿಂದ ಅವನ ಹೆಂಡತಿಗೂ ಗೊತ್ತಿತ್ತು. ಈಗ ಇಡೀ ದೇಶಕ್ಕೆ ಗೊತ್ತಾಯಿತು.

ಎಲ್ಲೆರ್ಟ್ ಹಿಮದೊಳಗಿಂದ ನಗತೊಡಗಿದ.

"ಫ್ರಿಗೇಟಿನಲ್ಲಿ ಒಬ್ಬ ಓರ್ಕ್ನಿ ದ್ವೀಪದೋನಿದಾನಂತೆ ಕಣೋ. ಅವನಮ್ಮ ನಮ್ಮ ಕಡೆಯೋಳು, ನಮ್ಮ ಭಾಷೆ ಚೆನ್ನಾಗಿ ಬರುತ್ತೆ. ಗುರುವಾರ ಒಂದು ಗಂಟೆಗೆ ಟೀ ಇಟ್ಕೊಂಡು, ಪೆನ್ಸಿಲ್ ಹಿಡ್ಕೊಂಡು ಕೂರ್ತಾನಂತೆ. ಟ್ರಾಲರ್‌ನೋರೇ ಹೇಳಿ ನಗ್ತಾರೆ. ಅವರಿಗೆ ನಾನ್ಯಾಕಪ್ಪ ಬೇಕು?"

ಅವನ ಕೈ ಬಿಟ್ಟೆ. ಏನು ಮಾಡಲಿ ಹೇಳಿ? ಗೂಢಚಾರ ಸಿಕ್ಕಿದ್ದ. ಅವನು ದೇಶದ ಎಲ್ಲಾ ಹೆಂಡತಿಯರೂ ತಾಯಂದಿರೂ ಆಗಿದ್ದ. ಯಾರನ್ನು ಹಿಡಿದು ಯಾರ ಹಲ್ಲು ಉದುರಿಸಲಿ?

ಊರಿಗೆ ವಾಪಸು ಬಂದು ಟೆಲಿಫೋನ್ ಎಕ್ಸ್‌ಚೇಂಜಿನಿಂದ ರೇಕ್ಯಾವಿಕ್‌ಗೆ ಫೋನ್ ಮಾಡಿದೆ. ವೀಡಾರ್ ವೈರ್‌ಲೆಸ್‌ನಲ್ಲಿ ತಾನು ಮಾತಾಡದೆ, ಬರೀ ಕೇಳಿಸಿಕೊಳ್ಳುತ್ತ ಸಾಗುತ್ತಿತ್ತು. ಸರ್ಕಾರದ ಸಂಕೇತ ಬಂದರೆ ಮಾತ್ರ ದಾರಿ ಬದಲಿಸುತ್ತದೆ. ಈಗಲೇ ಸಂಕೇತ ಕಳಿಸಿ ಎಂದೆ. ನನ್ನ ಮೇಲಧಿಕಾರಿ ಪೂರ್ತಿ ಕೇಳಿಸಿಕೊಂಡ. ಕೆಮ್ಮಿದ. ಮಂತ್ರಿಯ ಹತ್ತಿರ ಮಾತಾಡು ಎಂದು ಫೋನ್ ಇಟ್ಟುಬಿಟ್ಟ.

ನಮ್ಮಲ್ಲಿ ಮಂತ್ರಿಯ ನಂಬರು ಕೊಳಾಯಿ ರಿಪೇರಿಯವನ ನಂಬರಿನ ಜತೆಯೇ ಫೋನ್ ಪುಸ್ತಕದಲ್ಲಿರುತ್ತದೆ. ಮಂತ್ರಿಯನ್ನು ಕರೆಯುವುದೂ ಹೆಸರು ಹಿಡಿದೇ. ಮಂತ್ರಿ ಈಸ್ಲೇಫುರ್ ಮನೆಯಲ್ಲೇ ಇದ್ದ. ಕೇಕು ಅಗಿಯುತ್ತಿದ್ದ, ಅವನೇ ಹೇಳಿದ.

ಗುರುವಾರದ ಕಾರ್ಯಕ್ರಮದ ವಿಷಯ ಅವನಿಗೆ ಡಿಸೆಂಬರಿನಿಂದಲೇ ಗೊತ್ತಿತ್ತು!

ಅದನ್ನು ನಿಲ್ಲಿಸುವ ಮಾತೇ ಇಲ್ಲ ಎಂದ. ನಿಲ್ಲಿಸಿದರೆ ಮುಂದಿನ ಚುನಾವಣೆಯಲ್ಲಿ ಅವನ ಹೆಂಡತಿಯೇ ಅವನಿಗೆ ವೋಟು ಹಾಕುವುದಿಲ್ಲವಂತೆ. ಅಷ್ಟೇ ಆಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಈ ಸಲ ವೀಡಾರ್‌ನಲ್ಲಿ ಒಬ್ಬ ಕ್ಯಾಮೆರಾದವನನ್ನು ಕಳಿಸಿದ್ದಾನಂತೆ. ಸೋಮವಾರ ಬ್ರಸೆಲ್ಸ್‌ನಲ್ಲಿ ಮಿತ್ರರಾಷ್ಟ್ರಗಳ ಸಭೆ. ಅಷ್ಟರೊಳಗೆ ದೊಡ್ಡ ಹಡಗು ಚಿಕ್ಕ ಹಡಗಿಗೆ ಗುದ್ದುವ ಚಿತ್ರ ಅವನಿಗೆ ಬೇಕಾಗಿತ್ತು.

"ಚಿಕ್ಕ ದೇಶದ ಕೈಲಿರೋದು ಒಂದೇ ದಾರಿ, ಗ್ರೀಮುರ್. ಏಟು ತಿನ್ನೋದು. ಎಲ್ಲರೂ ನೋಡೋ ಹಾಗೆ ತಿನ್ನೋದು."

"ತಿನ್ನೋನು ನನ್ನ ತಮ್ಮ."

"ನನಗೂ ತಮ್ಮಂದಿರಿದಾರಪ್ಪ."

"ಯಾವ ಹಡಗಲ್ಲಿದಾರೆ?"

ಅವನು ಕೇಕು ನುಂಗಿದ.

"ಬ್ಯಾಂಕಲ್ಲಿದಾರೆ."

ಹಾಗಾದರೆ ನನ್ನನ್ನು ಮೂರು ತಿಂಗಳು ಯಾಕೆ ಅಲೆಸಿದೆ ಎಂದು ಕೇಳಿದೆ. ಸರ್ಕಾರ ಹುಡುಕುತ್ತಿದೆ ಎಂದು ಜನಕ್ಕೆ ಕಾಣಬೇಡವೇ ಎಂದ. ಪತ್ರಿಕೆಯವರ ಬಳಿ ಹೋಗುತ್ತೇನೆ ಎಂದು ನಾನು ಕಿರುಚಿದೆ. ಅವನು ಬಹಳ ಮೆತ್ತಗೆ, ನಾಳೆ ನಿನ್ನನ್ನು ಪೋಲೀಸಿನವರು ವಿಮಾನ ಹತ್ತಿಸುತ್ತಾರೆ, ಅಮ್ಮನಿಗೆ ನಮಸ್ಕಾರ ಹೇಳು ಎಂದ.

ಫೋನಿನ ರಿಸೀವರನ್ನು ಗೋಡೆಗೆ ಬಡಿದೆ. ಎಕ್ಸ್‌ಚೇಂಜಿನ ಹುಡುಗಿ ಹೆಣೆಯುತ್ತಿದ್ದ ಸ್ವೆಟರ್ ಕೆಳಗಿಟ್ಟು, ಎಲ್ಲವನ್ನೂ ಕೇಳಿಸಿಕೊಂಡಿದ್ದ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದಳು.

ಇಂಗ್ಲಿಷರ ಮೇಲೆ ಸಿಟ್ಟು ಬರುವುದು ಸುಲಭ. ಅವರು ದೊಡ್ಡವರು, ಎದುರಿಗೆ ನಿಲ್ಲುತ್ತಾರೆ, ಗುದ್ದುತ್ತಾರೆ. ನನಗೆ ಸಿಟ್ಟು ಬಂದದ್ದು ನಮ್ಮವನ ಮೇಲೆ. ಬಾಯಲ್ಲಿ ಕೇಕು ಇಟ್ಟುಕೊಂಡು ನನ್ನ ತಮ್ಮನನ್ನು ಇಪ್ಪತ್ತೆರಡು ಜನರ ಜತೆ ಫೋಟೋಗೆ ನಿಲ್ಲಿಸಿದವನ ಮೇಲೆ.

ಮನೆಯಲ್ಲಿ ಅಮ್ಮ ಮತ್ತು ಸಾಲ್ವೋರ್ ಕಾಫಿಗೆ ಕೂತಿದ್ದರು. ಮಕ್ಕಳು ಒಳಗೆ ಆಡುತ್ತಿದ್ದವು. ನಾನು ಸಾಲ್ವೋರ್ ಮೇಲೆ ಹರಿಹಾಯ್ದೆ. ಆಡಬಾರದ್ದನ್ನು ಆಡಿದೆ. ಅವಳು ಬಿಳಿಚಿಕೊಂಡಳು. ಕಾಲುಚೀಲದ ವಿಷಯ ಹೇಳಬೇಕಾಗಿತ್ತು ಅಷ್ಟೆ, ಎಲ್ಲರೂ ಕಳಿಸುತ್ತಾರಲ್ಲ ಭಾವ ಎಂದಳು. ಹೌದು, ಎಲ್ಲರೂ ಕಳಿಸುತ್ತಾರೆ.

ಅಮ್ಮನ ಹೆಸರು ಗುನ್‌ವೋರ್. ಎಪ್ಪತ್ತೊಂದು ವರ್ಷ. ಗಂಡನನ್ನೂ ಇಬ್ಬರು ಅಣ್ಣಂದಿರನ್ನೂ ಕಡಲಿಗೆ ಕೊಟ್ಟವಳು. ನಾನು ಕೂಗಾಡಿ ಮುಗಿಸುವವರೆಗೂ ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿ ಹೀರಿದಳು.

"ಆ ಓರ್ಕ್ನಿಯೋನು ಗುರುವಾರದ್ದು ಮಾತ್ರ ಕೇಳ್ತಾನೋ, ದಿನಾ ಕೇಳ್ತಾನೋ?"

"ದಿನಾ ಕೇಳ್ತಾನಮ್ಮ. ಅವನ ಕೆಲಸವೇ ಅದು."

"ಸಾವಿನ ಸುದ್ದಿನೂ?"

ನಮ್ಮ ರೇಡಿಯೋದಲ್ಲಿ ದಿನವೂ ಮಧ್ಯಾಹ್ನದ ವಾರ್ತೆಗೆ ಮುಂಚೆ ಸತ್ತವರ ಹೆಸರು ಓದುತ್ತಾರೆ. ಯಾರು, ಯಾವ ಮನೆಯವರು, ಮಣ್ಣು ಎಲ್ಲಿ, ಯಾವ ಹೊತ್ತಿಗೆ. ಅಮ್ಮ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆ ಸುದ್ದಿಯನ್ನು ಅನುಮಾನಿಸುವ ಮನುಷ್ಯ ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

"ಹಾಗಾದ್ರೆ ನನ್ನ ಸಾಯಿಸು," ಎಂದಳು ಅಮ್ಮ.

ಸಾಲ್ವೋರ್ ಕೈಯಿಂದ ಬಟ್ಟಲು ಜಾರಿತು. ಅಮ್ಮ ಮುಂದಿನದನ್ನು ಅಡುಗೆಗೆ ಬೇಕಾದ ಸಾಮಾನು ಹೇಳಿದ ಹಾಗೆ ಹೇಳಿದಳು. ಶನಿವಾರ ಹತ್ತು ಗಂಟೆಗೆ ಕಾಲ್ಡಫ್ಯೋರ್ಡ್ ಚರ್ಚಿನಲ್ಲಿ ಮಣ್ಣು. ವೀಡಾರ್‌ನ ಹುಡುಗರೇ ಪೆಟ್ಟಿಗೆ ಹೊರುತ್ತಾರೆ. ಇಂಗ್ಲಿಷರು ಅದನ್ನು ಕೇಳಿದರೆ ಹಡಗು ಶನಿವಾರ ಬಂದರಿನಲ್ಲೇ ಇರುತ್ತದೆ ಎಂದುಕೊಳ್ಳುತ್ತಾರೆ. ಸ್ವಾರ್ಟ್‌ನೆಸ್ ಬಿಟ್ಟು ಇಲ್ಲಿಗೆ, ಕೊಲ್ಲಿಯ ಬಾಯಿಗೆ ಬಂದು ನಿಲ್ಲುತ್ತಾರೆ.

"ಅಮ್ಮ... ಕೇಟಿಲ್‌ಗೂ ಕೇಳಿಸುತ್ತೆ."

ಅಮ್ಮ ಬಟ್ಟಲನ್ನು ಬೋರಲು ಹಾಕಿದಳು.

"ಅಳಲಿ. ಅಳೋಕೆ ಬದುಕಿರಬೇಕಲ್ಲ."

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪಾದ್ರಿ ಥೋರ್ಲಾಕುರ್ ಅವರ ಮನೆಯಲ್ಲಿದ್ದೆ. ಊರಿನ ಪಾದ್ರಿ ತಾನೇ ಫೋನಿನಲ್ಲಿ ಹೇಳಿದರೆ ಮಾತ್ರ ರೇಡಿಯೋದವರು ಮಣ್ಣಿನ ಸುದ್ದಿ ತೆಗೆದುಕೊಳ್ಳುತ್ತಾರೆ. ಹನ್ನೊಂದರೊಳಗೆ ಹೇಳಬೇಕು. ಪಾದ್ರಿ ಮೊದಲು ಅಮ್ಮನಿಗಾಗಿ ಕಣ್ಣು ಒರೆಸಿಕೊಂಡರು. ನಿಜ ಹೇಳಿದ ಮೇಲೆ ಅದೇ ಕರ್ಚೀಫಿನಲ್ಲಿ ಹಣೆ ಒರೆಸಿಕೊಂಡರು. ದೇವರ ಕೆಲಸದಲ್ಲಿ ಸುಳ್ಳಾಡಲಾರೆ ಎಂದರು.

"ಎಲ್ಲೆರ್ಟ್ ಎಲ್ಲಾ ಹೇಳಿದಾನೆ," ಎಂದೆ. "ಕ್ರಿಸ್ಮಸ್ಸಿಗೆ ಆರು ಪೆಟ್ಟಿಗೆ ಬಿಯರು. ಬಿಷಪ್ಪಿಗೆ ಫೋನ್ ಮಾಡ್ಲಾ, ನೀವು ರೇಡಿಯೋಗೆ ಮಾಡ್ತೀರಾ?"

ಪಾದ್ರಿ ಕಿಟಕಿಯಾಚೆ ಚರ್ಚನ್ನು ಬಹಳ ಹೊತ್ತು ನೋಡಿದರು. ಗುರುವಾರ ಸತ್ತವಳನ್ನು ಶನಿವಾರವೇ ಮಣ್ಣು ಮಾಡುತ್ತಾರೆಂದರೆ ಯಾರು ನಂಬುತ್ತಾರೆ ಎಂದು ಕೊನೆಯ ಪ್ರಯತ್ನ ಮಾಡಿದರು. ಅಮ್ಮನಿಗೆ ಕಾಯುವ ಅಭ್ಯಾಸವಿಲ್ಲ, ಅವಳನ್ನು ಬಲ್ಲವರು ನಂಬುತ್ತಾರೆ ಎಂದೆ. ಕೋಟು ಹಾಕಿಕೊಂಡರು.

ಹೊರಗೆ ಪೋಲೀಸು ಜೀಪು ನಿಂತಿತ್ತು.

ಊರಿಗಿದ್ದ ಒಬ್ಬನೇ ಪೋಲೀಸು ಓಡ್ಡುರ್. ನೂರ ಮೂವತ್ತು ಕಿಲೋ. ನಮ್ಮ ಪೋಲೀಸರಿಗೆ ಬಂದೂಕಿಲ್ಲ. ಓಡ್ಡುರ್‌ಗೆ ಬೇಕಾಗಿಯೂ ಇರಲಿಲ್ಲ. ಪಾದ್ರಿಯನ್ನು ಎಕ್ಸ್‌ಚೇಂಜಿನ ಕಡೆ ತಳ್ಳಿ ನಾನು ಎದುರು ದಿಕ್ಕಿಗೆ ಓಡಿದೆ. ಜೀಪು ನನ್ನ ಹಿಂದೆ ಬಂತು. ಮೀನು ಒಣಗಿಸುವ ಕಟ್ಟಿಗೆಯ ಸಾಲುಗಳ ನಡುವೆ ನುಗ್ಗಿದೆ. ಅವನು ಇಳಿದು ಓಡಿ ಬಂದ. ನೇತಾಡುವ ಮೀನಿನ ತಲೆಗಳು ಮುಖಕ್ಕೆ ಬಡಿಯುತ್ತಿದ್ದವು. ಬೇಲಿ ಹಾರಿದೆ... ಮಂಜುಗಡ್ಡೆಯ ಮೇಲೆ ಕಾಲು ಜಾರಿತು... ಬೆನ್ನ ಮೇಲೆ ಓಡ್ಡುರ್ ಕೂತ.

ಉಸಿರು ಸಿಕ್ಕಾಗ ಎಲ್ಲವನ್ನೂ ಹೇಳಿದೆ. ರೇಡಿಯೋ, ಫ್ರಿಗೇಟು, ಕ್ಯಾಮೆರಾ, ಮಂತ್ರಿಯ ಕೇಕು. ಓಡ್ಡುರ್ ಏಳಲಿಲ್ಲ. ಬೆನ್ನ ಮೇಲೆ ಕೂತೇ ನಶ್ಯದ ಡಬ್ಬಿ ತೆಗೆದು ಏರಿಸಿದ. ವೀಡಾರ್‌ನ ಇಂಜಿನ್ ಕೋಣೆಯಲ್ಲಿ ಅವನ ಅಕ್ಕನ ಮಗನಿದ್ದ.

"ಮಂತ್ರಿ ಹೇಳಿದ್ದು ಇವತ್ತು ಹಿಡಿ ಅಂತ," ಎಂದ. "ಇವತ್ತು ಅಂದ್ರೆ ಮಧ್ಯಾಹ್ನದ ವಾರ್ತೆ ಆದ ಮೇಲೂ ಇವತ್ತೇ."

ಹನ್ನೆರಡು ಗಂಟೆಗೆ ನಾನು, ಅಮ್ಮ, ಓಡ್ಡುರ್ ಮೂವರೂ ಅಡುಗೆಮನೆಯಲ್ಲಿ ರೇಡಿಯೋದ ಮುಂದೆ ಕೂತಿದ್ದೆವು. ಸಾಲ್ವೋರ್ ಆಗಲೇ ಮಕ್ಕಳನ್ನು ಕರೆದುಕೊಂಡು ಸ್ವಾರ್ಟ್‌ನೆಸ್‌ಗೆ ಹೋಗಿದ್ದಳು. ಏನಾದರೂ ಆದರೆ ಹತ್ತಿರ ಇರುತ್ತೇನೆ ಎಂದಿದ್ದಳು.

ಅದೇ ಹೆಂಗಸಿನ ದನಿ ಓದಿತು. ನಮ್ಮ ಪ್ರೀತಿಯ ತಾಯಿ ಗುನ್‌ವೋರ್, ಕಾಲ್ಡಫ್ಯೋರ್ಡ್, ಗುರುವಾರ ಸಂಜೆ ಹಠಾತ್ತನೆ ತೀರಿಕೊಂಡರು. ಅವರ ಇಚ್ಛೆಯಂತೆ ಅಂತ್ಯಕ್ರಿಯೆ ಶನಿವಾರ ಬೆಳಿಗ್ಗೆ ಹತ್ತಕ್ಕೆ. ವೀಡಾರ್ ಹಡಗಿನವರು ಹೆಗಲು ಕೊಡುತ್ತಾರೆ.

ಅಮ್ಮ ಎದ್ದು ಹೋಗಿ ರೇಡಿಯೋ ಆರಿಸಿದಳು. ಎಪ್ಪತ್ತೊಂದು ಎಂದು ನನ್ನ ವಯಸ್ಸನ್ನೇ ಹೇಳಲಿಲ್ಲವಲ್ಲ ಎಂದು ಪಾದ್ರಿಯನ್ನು ಬೈದಳು.

ಆಗ ನನಗೆ ಹೊಳೆಯಿತು.

ಮೈಯೆಲ್ಲ ಆ ಕೋಲ್ಡ್ ಸ್ಟೋರೇಜಿನಲ್ಲಿದ್ದಾಗಿನದಕ್ಕಿಂತ ಹೆಚ್ಚು ತಣ್ಣಗಾಯಿತು. ಹಡಗಿನವರು ಹೆಗಲು ಕೊಡುತ್ತಾರೆ ಎಂದು ದೇಶಕ್ಕೆಲ್ಲ ಹೇಳಿದ್ದೇವೆ. ಕೇಟಿಲ್‌ಗೂ ಹೇಳಿದ್ದೇವೆ. ಅವನು ಬಂದುಬಿಟ್ಟರೆ? ಅಪ್ಪಣೆಯನ್ನು ಮೂಲೆಗೆ ಎಸೆದು, ಅಮ್ಮನ ಮಣ್ಣಿಗೆ ಎಂದು ಹಡಗು ತಿರುಗಿಸಿದರೆ? ಫ್ರಿಗೇಟು ಕೊಲ್ಲಿಯ ಬಾಯಲ್ಲಿ ಕಾದಿರುತ್ತದೆ. ಇಕ್ಕಟ್ಟಿನ ಜಾಗ, ಎರಡೂ ಕಡೆ ಬಂಡೆ. ತಮ್ಮನನ್ನು ಒಂದು ಬಲೆಯಿಂದ ತಪ್ಪಿಸಲು ಹೋಗಿ ನಾನೇ ಇನ್ನೊಂದು ಹೆಣೆದಿದ್ದೆ. ಇಂಗ್ಲಿಷರಿಗೆ ಕೇಳಿಸದಂತೆ ಅವನಿಗೆ ತಿಳಿಸುವ ದಾರಿ ಒಂದೂ ಇರಲಿಲ್ಲ.

ಅಮ್ಮನಿಗೆ ಹೇಳಿದೆ. ಅವಳು ಎದ್ದು ಮಹಡಿಗೆ ಹೋದಳು. ಓಡ್ಡುರ್ ಗಡಿಯಾರ ನೋಡಿದ. ನೋಡಿ, ಹಿಮ ಬೀಳುತ್ತಿದೆ, ಇವತ್ತು ವಿಮಾನ ಹಾರುವುದಿಲ್ಲ ಅನ್ನಿಸುತ್ತದೆ ಎಂದ. ಆಕಾಶ ನೀಲಿಯಾಗಿತ್ತು.

ಒಂದು ಗಂಟೆಯೊಳಗೆ ಊರಿನ ಎಲ್ಲಾ ಮನೆಗಳ ಬಾವುಟ ಅರ್ಧಕ್ಕೆ ಇಳಿಯಿತು. ಎರಡು ಗಂಟೆಗೆ ಕೇಕುಗಳು ಬರತೊಡಗಿದವು. ದೋಸೆಯಂಥ ಸಿಹಿ ಪ್ಯಾನ್‌ಕೇಕು, ಹೊಗೆ ಹಾಕಿದ ಕುರಿಮಾಂಸ, ಏಳು ಪದರದ ಕೇಕು. ಹೆಂಗಸರು ಬಾಗಿಲಲ್ಲಿ ನನ್ನ ಕೈ ಹಿಡಿದು ಅತ್ತರು. ಅಮ್ಮ ಮಹಡಿಯ ಕೋಣೆಯಲ್ಲಿ ಪರದೆ ಎಳೆದುಕೊಂಡು ಕೂತು ಯಾರು ಬಂದರು, ಯಾರು ಬರಲಿಲ್ಲ ಎಂದು ಲೆಕ್ಕ ಇಟ್ಟಳು.

ಶನಿವಾರ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ದುರ್ಬೀನು ಹಿಡಿದು ಗುಡ್ಡದ ಮೇಲಿದ್ದೆ.

ಫ್ರಿಗೇಟು ಬಂದಿತ್ತು. ಕೊಲ್ಲಿಯ ಬಾಯಲ್ಲಿ, ಅಮ್ಮ ಹೇಳಿದ ಜಾಗದಲ್ಲೇ. ಬೂದು ಬಣ್ಣ, ನಮ್ಮ ಚರ್ಚಿನ ಹತ್ತರಷ್ಟು ಉದ್ದ. ದುರ್ಬೀನು ಸರಿಮಾಡಿ ನೋಡಿದೆ. ಅದರ ಬಾವುಟವೂ ಅರ್ಧಕ್ಕೆ ಇಳಿದಿತ್ತು.

ಇಂಗ್ಲಿಷರ ಮರ್ಯಾದೆ! ನನ್ನ ಅಮ್ಮನ ಸಾವಿಗೆ ತಲೆ ಬಾಗಿ ನಿಂತಿದ್ದಾರೆ, ಆಮೇಲೆ ಅವಳ ಮಗನ ಹಡಗಿನ ಪಕ್ಕೆ ಮುರಿಯಲು. ಆ ಕ್ಷಣ ನನಗೆ ಕೋಪ ಬಂತೋ ಅಳು ಬಂತೋ ಈಗಲೂ ಹೇಳಲಾರೆ.

ಎಂಟೂವರೆ. ಕಡಲು ಖಾಲಿ. ಒಂಬತ್ತು... ದಿಗಂತದಲ್ಲಿ ಏನೋ ಕಪ್ಪಗೆ ಕಂಡಿತು. ದುರ್ಬೀನು ಏರಿಸಿದೆ. ಮೋಡದ ನೆರಳು.

ಒಂಬತ್ತೂ ಕಾಲಿಗೆ ಕೆಳಗಿನಿಂದ ಎಕ್ಸ್‌ಚೇಂಜಿನ ಹುಡುಗಿ ಕೋಟಿಲ್ಲದೆ ಓಡಿ ಬಂದಳು. ಸ್ವಾರ್ಟ್‌ನೆಸ್‌ನಿಂದ ಸಾಲ್ವೋರ್ ಫೋನ್ ಮಾಡಿದ್ದಳು.

"ವೀಡಾರ್ ಹಾದು ಹೋಯ್ತಂತೆ. ದೀಪಸ್ತಂಭದ ಮುಂದೆ ಅರ್ಧ ಗಂಟೆ ಸುಮ್ನೆ ನಿಂತಿತ್ತಂತೆ. ಇತ್ತ ಕಡೆ ಮೂತಿ ತಿರುಗಿಸಿ. ಆಮೇಲೆ... ಆಮೇಲೆ ತಿರುಗಿಸ್ಕೊಂಡು ಕಡಲ ಕಡೆ ಹೋಯ್ತಂತೆ."

"ಹಾರ್ನ್ ಹೊಡೆದನಾ?"

"ಇಲ್ವಂತೆ."

ಹಿಮದ ಮೇಲೆ ಕೂತುಬಿಟ್ಟೆ. ಅವನು ಬದುಕಿಕೊಂಡಿದ್ದ.

ಆ ಬೆಳಿಗ್ಗೆ ಕೇಟಿಲ್ ಕತ್ತರಿಸಿದ್ದು ಐದು ಟ್ರಾಲರ್‌ಗಳ ಬಲೆ. ಇಡೀ ಜಗಳದಲ್ಲಿ ವೀಡಾರ್ ಒಂದೇ ದಿನ ಅಷ್ಟು ಬಲೆ ಕತ್ತರಿಸಿದ್ದೇ ಇಲ್ಲ. ಮಾತಿಲ್ಲ, ಎಚ್ಚರಿಕೆಯಿಲ್ಲ, ಹುಚ್ಚು ಹಿಡಿದವನ ಹಾಗೆ ಒಂದಾದ ಮೇಲೊಂದಕ್ಕೆ ನುಗ್ಗಿದನೆಂದು ಅವನ ಹುಡುಗರು ಆಮೇಲೆ ಹೇಳಿದರು. ಟ್ರಾಲರ್‌ಗಳು ವೈರ್‌ಲೆಸ್‌ನಲ್ಲಿ ಕಿರುಚಿಕೊಂಡವು. ಫ್ರಿಗೇಟು ಅವಸರದಲ್ಲಿ ತಿರುಗಿ ಓಡಿತು. ಬಾವುಟ ಏರಿಸುವುದನ್ನೂ ಮರೆತಿತ್ತು. ತಲುಪುವಷ್ಟರಲ್ಲಿ ವೀಡಾರ್ ಮಂಜಿನಲ್ಲಿ ಮಾಯವಾಗಿತ್ತು.

ಡಿಕ್ಕಿಯಿಲ್ಲ. ಚಿತ್ರವಿಲ್ಲ. ಕ್ಯಾಮೆರಾದವನಿಗೆ ಸಿಕ್ಕಿದ್ದು, ಚುಕ್ಕಾಣಿ ಹಿಡಿದು ಅಳುತ್ತಿದ್ದ ಒಬ್ಬ ಕ್ಯಾಪ್ಟನ್. ಅದನ್ನು ಈಸ್ಲೇಫುರ್ ಬ್ರಸೆಲ್ಸ್‌ನಲ್ಲಿ ತೋರಿಸಲಾಗಲಿಲ್ಲ. ನನ್ನ ಕೆಲಸ ಶನಿವಾರ ಸಂಜೆಯೇ ಹೋಯಿತು.

ಭಾನುವಾರ ಮಧ್ಯಾಹ್ನ ವೀಡಾರ್ ಕಾಲ್ಡಫ್ಯೋರ್ಡಿಗೆ ಬಂತು. ಅಮ್ಮ ತನ್ನ ಒಳ್ಳೆಯ ಕೋಟು ತೊಟ್ಟು ಬಂದರಿನ ಕಟ್ಟೆಯ ಮೇಲೆ ನಿಂತಿದ್ದಳು. ಊರಿನವರು ಇಪ್ಪತ್ತು ಅಡಿ ದೂರ ಸರಿದು ನಿಂತಿದ್ದರು. ಶನಿವಾರ ಮಣ್ಣಿಗೆಂದು ಚರ್ಚಿಗೆ ಬಂದು ನಿಜ ತಿಳಿದ, ಕೇಕು ಮಾಡಿದ ಹೆಂಗಸರ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಕೇಟಿಲ್ ಹಲಗೆ ಇಳಿದು ಬಂದ. ಎರಡು ದಿನ ನಿದ್ದೆಯಿಲ್ಲದ ಕಣ್ಣು. ಅಮ್ಮನನ್ನು ನೋಡಿದ. ಹತ್ತಿರ ಬಂದು, ಅವಳ ಕೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿದ. ಆಮೇಲೆ ನನ್ನ ಕಡೆ ತಿರುಗಿ ದವಡೆಗೆ ಒಂದು ಕೊಟ್ಟ. ಇನ್ನೊಂದು ಹಲ್ಲು ಹೋಯಿತು.

ನಾನು ಬಿದ್ದಲ್ಲಿಂದ ಏಳಲಿಲ್ಲ. ನಿನ್ನ ಪ್ರಾಣ ಉಳಿಸಲು ಮಾಡಿದೆ ಎಂದು ಅಲ್ಲಿಂದಲೇ ಹೇಳಿದೆ.

"ಗೊತ್ತು," ಎಂದ. "ಸ್ವಾರ್ಟ್‌ನೆಸ್ ಹತ್ರ ಅರ್ಧ ಗಂಟೆ ನಿಂತಿದ್ದೆ ಕಣೋ ಅಣ್ಣ. ಅಮ್ಮನ ಮಣ್ಣಾ, ಇಂಗ್ಲಿಷರ ಬಲೆನಾ ಅಂತ. ಬಲೆಗೆ ಹೋದೆ. ನಾನು ಅಂಥೋನು ಅಂತ ನನಗೆ ಗೊತ್ತಿರಲಿಲ್ಲ. ಯಾಕೋ ತೋರಿಸ್ಕೊಟ್ಟೆ?"

ಉದುರಿದ ಹಲ್ಲನ್ನು ಕಟ್ಟೆಯ ಮೇಲಿಂದ ಆರಿಸಿಕೊಂಡೆ.

ಅಮ್ಮ ಅವನ ಕಾಲರ್ ಸರಿಮಾಡಿದಳು. ನೀನು ಬಂದಿದ್ದರೆ ನಾನೇ ಹೊಡೆದು ವಾಪಸು ಕಳಿಸುತ್ತಿದ್ದೆ ಎಂದಳು. ಮನೆಯಲ್ಲಿ ಹನ್ನೊಂದು ಕೇಕು ಇದೆ, ನಡೆ, ಹಾಳಾಗುತ್ತದೆ ಎಂದಳು. ಅವನು ಚಿಕ್ಕವನಿದ್ದಾಗಿನ ಹಾಗೆ ಅವಳ ಹಿಂದೆ ಹೋದ. ನನ್ನ ಜತೆ ಮಾತಾಡಲು ಅವನಿಗೆ ಎರಡು ವರ್ಷ ಹಿಡಿಯಿತು.

ಆ ಜೂನಿನಲ್ಲಿ ಇಂಗ್ಲಿಷರು ಒಪ್ಪಂದಕ್ಕೆ ಸಹಿ ಹಾಕಿದರು. ಇನ್ನೂರು ಮೈಲಿ ನಮ್ಮದಾಯಿತು. ಪತ್ರಿಕೆಯ ಮೊದಲ ಪುಟದಲ್ಲಿ ಈಸ್ಲೇಫುರ್ ನಗುತ್ತಿದ್ದ. ಗುರುವಾರದ ಕಾರ್ಯಕ್ರಮ ಒಂದು ವಾರವೂ ನಿಲ್ಲಲಿಲ್ಲ.

ಅಮ್ಮ ಆರು ವರ್ಷ ಆದ ಮೇಲೆ ನಿಜವಾಗಿ ತೀರಿಕೊಂಡಳು. ಮಧ್ಯಾಹ್ನದ ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಓದಿದರು. ಈ ಸಲ ಯಾರೂ ನಂಬಲಿಲ್ಲ, ಒಂದು ಕೇಕೂ ಬರಲಿಲ್ಲ. ಊರಿನವರೆಲ್ಲ ಬಂದರಿಗೆ ಹೋಗಿದ್ದರು, ವೀಡಾರ್ ಎಲ್ಲಿದೆ ಎಂದು ನೋಡಲು.